ಸಣ್ಣ ದಳದ ಸ್ಕೌಟ್ ಮಾಸ್ತರನಿಗೆ

ತಮ್ಮಾ, ಬೇಸಿಗೆ ಸೂಟಿ ಮುಗಿಯುವ ಹೊತ್ತಿಗೆ ಹೆಡ್‌ಮಾಸ್ತರರು ನಿನ್ನನ್ನು ಕರೆದು ‘ಈ ವರ್ಷ ಸ್ಕೌಟ್ ನೀವ ನೋಡ್ಕೋರಿ’ ಎಂದಿದ್ದಾರೆ. ನಿನ್ನ ಕೈಗೆ ಬಂದದ್ದು ಕಪಾಟಿನಲ್ಲಿ ಮಡಿಸಿಟ್ಟ ಒಂದಿಷ್ಟು ಸ್ಕಾರ್ಫು, ಗಂಟು ಕಲಿಸುವ ಹಗ್ಗ, ಒಂದು ಧ್ವಜ, ನವೀಕರಣ ಆಗಬೇಕಾದ ನೋಂದಣಿ ಕಾಗದ, ಮತ್ತು ಹದಿನಾಲ್ಕು ಹುಡುಗರು. ಉಳಿದೆಲ್ಲಕ್ಕಿಂತ ಆ ಹದಿನಾಲ್ಕು ಎಂಬ ಸಂಖ್ಯೆಯೇ ನಿನ್ನನ್ನು ಕೊರೆಯುತ್ತಿದೆ. ಪೂರ್ಣ ದಳವೆಂದರೆ ಎಂಟೆಂಟು ಹುಡುಗರ ನಾಲ್ಕು ಪೆಟ್ರೋಲ್, ಒಟ್ಟು ಮೂವತ್ತೆರಡು ಜನ ಎಂದು ಓದಿದ್ದೀಯ. ರ್‍ಯಾಲಿಗೆ ಹೋದಾಗ ಬೇರೆ ಶಾಲೆಗಳ ಉದ್ದ ಸಾಲಿನ ಪಕ್ಕದಲ್ಲಿ ನಿನ್ನ ಹುಡುಗರು ಬೆರಳೆಣಿಕೆಯಷ್ಟೇ ಕಾಣುತ್ತಾರೆ. ಮಹಾಲಿಂಗಪುರದಂಥ ಊರಲ್ಲಿ ಈ ಕೆಲಸ ವರ್ಷಾನುಗಟ್ಟಲೆ ಮಾಡಿದವನಾಗಿ ಹೇಳುತ್ತೇನೆ, ಮೊದಲು ಆ ಚಿಂತೆಯನ್ನು ತಲೆಯಿಂದ ಇಳಿಸು.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ, ಈ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ನಡೆಸಿದ ಮೊಟ್ಟಮೊದಲ ಶಿಬಿರದಲ್ಲಿ ಇದ್ದದ್ದೇ ಸುಮಾರು ಇಪ್ಪತ್ತು ಹುಡುಗರು. ಅವರನ್ನು ಆತ ನಾಲ್ಕು ಗುಂಪು ಮಾಡಿ, ಗುಂಪಿಗೊಬ್ಬ ಹುಡುಗನನ್ನೇ ನಾಯಕ ಮಾಡಿ, ಆ ಗುಂಪಿನ ಹೊಣೆಯನ್ನೆಲ್ಲ ಅವನಿಗೇ ಬಿಟ್ಟ. ಮರುವರ್ಷ, 1908ರಲ್ಲಿ, ‘ಸ್ಕೌಟಿಂಗ್ ಫಾರ್ ಬಾಯ್ಸ್’ ಕಂತುಕಂತಾಗಿ ಅಚ್ಚಾಗಿ ಬಂತು. ಅದನ್ನು ಕೊಂಡು ಓದಿದ ಹುಡುಗರು ಯಾರಿಗೂ ಕಾಯಲಿಲ್ಲ. ತಾವೇ ಪೆಟ್ರೋಲ್ ಕಟ್ಟಿಕೊಂಡರು, ಆಮೇಲೆ ತಮಗೊಬ್ಬ ಮಾಸ್ತರ ಬೇಕೆಂದು ದೊಡ್ಡವರನ್ನು ಹುಡುಕಿಕೊಂಡು ಹೋದರು. ಅಂದರೆ ಈ ಚಳವಳಿಯಲ್ಲಿ ಮೊದಲು ಬಂದವರು ಹುಡುಗರು, ಮಾಸ್ತರ ಬಂದದ್ದು ನಂತರ. ನನ್ನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ನಿನ್ನ ಅರ್ಧ ಕಷ್ಟ ಹಗುರಾಗುತ್ತದೆ.

ಸಣ್ಣ ದಳಕ್ಕೆ ಇರುವ ನಿಜವಾದ ಅಪಾಯ ಬೇರೆಯೇ ಇದೆ. ಹದಿನಾಲ್ಕು ಹುಡುಗರು ಒಂದು ಸೀಟಿಗೆ ಸುಲಭವಾಗಿ ಬಗ್ಗುತ್ತಾರೆ. ಒಬ್ಬನೇ ನಿಂತು ಹಾಜರಿ ಹಾಕಬಹುದು, ಗಂಟು ಕಲಿಸಬಹುದು, ಧ್ವಜ ಕಟ್ಟಬಹುದು, ಆಟ ಆಡಿಸಬಹುದು. ಹಾಗೆ ಮಾಡುತ್ತ ಹೋದರೆ ಅದು ಇನ್ನೊಂದು ಪಿರಿಯಡ್ ಆಗುತ್ತದೆ, ದಳ ಆಗುವುದಿಲ್ಲ. ಆದ್ದರಿಂದ ಏಳೇಳು ಹುಡುಗರ ಎರಡು ಪೆಟ್ರೋಲ್ ಮಾಡು. ಲೀಡರ್ ಯಾರೆಂದು ಅವರವರೇ ಮಾತಾಡಿಕೊಳ್ಳಲಿ. ವರ್ಗದಲ್ಲಿ ಮೊದಲ ನಂಬರ್ ಬರುವವನೇ ಆಗಬೇಕೆಂದಿಲ್ಲ. ಉಳಿದವರು ಯಾರ ಮಾತು ಕೇಳುತ್ತಾರೆ ಎಂಬುದು ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಉಳಿದ ಆರೂ ಜನರಿಗೆ ಒಂದೊಂದು ಕೆಲಸ ಇರಲಿ. ಒಬ್ಬನ ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಬ್ಬನ ಕೈಯಲ್ಲಿ ಲೆಕ್ಕದ ವಹಿ, ಒಬ್ಬನ ಕೈಯಲ್ಲಿ ಹಗ್ಗ ಮತ್ತು ಡೇರೆಯ ಗೂಟ, ಒಬ್ಬನ ಕೈಯಲ್ಲಿ ಪೆಟ್ರೋಲಿನ ದಿನಚರಿ. ತಿಂಗಳಿಗೊಮ್ಮೆ ಲೀಡರ್‌ಗಳನ್ನು ಕೂರಿಸಿ ಕೋರ್ಟ್ ಆಫ್ ಆನರ್ ನಡೆಸು. ಎರಡೇ ಪೆಟ್ರೋಲ್ ಇದ್ದರೂ ನಡೆಸು. ಮುಂದಿನ ತಿಂಗಳು ಏನು ಮಾಡಬೇಕು, ತಪ್ಪಿಸಿಕೊಂಡು ತಿರುಗುವವನ ಜೊತೆ ಯಾರು ಮಾತಾಡಬೇಕು, ಇದ್ದ ದುಡ್ಡಿನಲ್ಲಿ ಏನು ತರಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ನೀನು ಪಕ್ಕದಲ್ಲಿ ಕೂತಿರು. ಯಾರಿಗಾದರೂ ಅಪಾಯ ಆಗುವ ನಿರ್ಧಾರ ಬಂದರೆ ಮಾತ್ರ ಬಾಯಿ ಹಾಕು. ಅವರು ನಿರ್ಧರಿಸಿದ್ದು ಕೆಟ್ಟರೆ ಕೆಡಲಿ. ಅನ್ನ ಸೀದುಹೋದ ಪೆಟ್ರೋಲ್ ಮುಂದಿನ ಸಲ ಒಲೆಯ ಮುಂದೆ ಒಬ್ಬನನ್ನು ಕೂರಿಸಿಯೇ ಉಳಿದ ಕೆಲಸಕ್ಕೆ ಹೋಗುತ್ತದೆ. ಅದನ್ನು ನೀನು ಹೇಳಿಕೊಡಬೇಕಾಗಿಲ್ಲ.

ನಮ್ಮ ಭಾಗದ ಹುಡುಗರು ಬರಿಗೈಯಲ್ಲಿ ಬರುವುದಿಲ್ಲ ಎಂಬುದನ್ನೂ ಗಮನಿಸು. ಮಹಾಲಿಂಗಪುರ, ರಬಕವಿ, ಬನಹಟ್ಟಿಯಲ್ಲಿ ನೇಕಾರರ ಮನೆಗಳು ಎಷ್ಟಿವೆ! ಮಗ್ಗದ ಮೇಲೆ ಎಳೆ ಕಡಿದರೆ ಆ ಮನೆಯ ಹುಡುಗ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುತ್ತಾನೆ. ನೇಕಾರರು ಹಾಕುವ ಆ ಗಂಟಿನ ಕಟ್ಟು, ಸ್ಕೌಟ್ ಪುಸ್ತಕದಲ್ಲಿ ಶೀಟ್ ಬೆಂಡ್ ಎಂದು ಚಿತ್ರ ಬರೆದು ತೋರಿಸಿದ ಗಂಟಿನ ಕಟ್ಟೇ. ಅಲ್ಲಿ ಹಗ್ಗ, ಇಲ್ಲಿ ನೂಲು, ಅಷ್ಟೇ ವ್ಯತ್ಯಾಸ. ಆ ಪಾಠದ ದಿನ ನೀನು ಹಿಂದೆ ಸರಿ, ಆ ಹುಡುಗನನ್ನು ಮುಂದೆ ನಿಲ್ಲಿಸು. ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸವನ್ನು ಶಾಲೆಯಲ್ಲಿ ಹೇಳಿಕೊಳ್ಳಲು ಸಂಕೋಚಪಡುತ್ತಿದ್ದವನು ಅವತ್ತು ಹದಿಮೂರು ಜನಕ್ಕೆ ಗುರುವಾಗುತ್ತಾನೆ. ಕ್ಲೋವ್ ಹಿಚ್ ಕಲಿಸುವಾಗ ದನ ಕಟ್ಟಿ ಗೊತ್ತಿರುವ ಹೊಲದ ಮನೆಯ ಹುಡುಗನನ್ನು ಕರೆ. ಗಾಳಿಯ ದಿಕ್ಕು, ಮೋಡದ ಲಕ್ಷಣ, ಯಾವ ಗಿಡದ ಸೊಪ್ಪು ದನ ಮುಟ್ಟುವುದಿಲ್ಲ ಎಂಬುದೆಲ್ಲ ಇವರಿಗೆ ಮನೆಯಿಂದಲೇ ಬಂದ ವಿದ್ಯೆ. ಸ್ಕೌಟ್ ಮಾಸ್ತರರ ಬೇಸಿಕ್ ಕೋರ್ಸಿನಲ್ಲಿ ನಿನಗೆ ಕಲಿಸಿದ್ದು ಮುಖ್ಯವೇ, ಅದನ್ನು ಅಸಡ್ಡೆ ಮಾಡಬೇಡ. ಆದರೆ ಅದನ್ನು ಈ ಊರಿನ ಕೈಗಳ ಮೂಲಕ ದಾಟಿಸು.

ಇನ್ನು ಕಬ್ಬಿನ ಹಂಗಾಮಿನ ಮಾತು. ದೀಪಾವಳಿ ಕಳೆಯಿತೆಂದರೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಟ್ರ್ಯಾಕ್ಟರುಗಳ ಸಾಲು ಶುರು, ಗಾಣಗಳಲ್ಲಿ ಬೆಲ್ಲದ ಕೊಪ್ಪರಿಗೆ ಕುದಿಯಲು ಶುರು. ನಮ್ಮೂರಿನ ಹೆಸರೇ ಬೆಲ್ಲದ ಪೇಟೆಯಿಂದ ದೂರದೂರಕ್ಕೆ ಹೋಗಿದೆ. ಆ ತಿಂಗಳುಗಳಲ್ಲಿ ನಿನ್ನ ಹದಿನಾಲ್ಕು ಜನರಲ್ಲಿ ಆರೋ ಏಳೋ ಜನ ಮಾತ್ರ ಸಭೆಗೆ ಬಂದಾರು. ‘ಸರ್‍ರ, ನಮ್ಮ ಹೊಲದಾಗ ಕಬ್ಬು ಕಡಿಯಾಕ ಹತ್ಯಾರ್‍ರಿ, ಮನ್ಯಾಗ ಬಿಡಾಂಗಿಲ್ರಿ’ ಎಂದು ಒಬ್ಬ ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಾನೆ. ಅವನ ಮೇಲೆ ಸಿಟ್ಟಾಗಬೇಡ, ಹೆಸರು ಹೊಡೆಯಬೇಡ. ತಾಯಿ ಹೊಲಕ್ಕೆ ಹೋದಾಗ ಮನೆ ನೋಡಿಕೊಂಡು, ಆಳುಗಳಿಗೆ ಬುತ್ತಿ ಮುಟ್ಟಿಸುವ ಹುಡುಗ ಸ್ಕೌಟ್ ನಿಯಮಕ್ಕೆ ಹೊರಗಾದವನಲ್ಲ. ಆದರೆ ಅಷ್ಟೇ ಖಂಡಿತವಾಗಿ ಇನ್ನೊಂದನ್ನೂ ಹೇಳುತ್ತೇನೆ. ಯಾರಾದರೂ ಶಾಲೆಯನ್ನೇ ಬಿಟ್ಟು ಮಗ್ಗಕ್ಕೋ ಗಾಣಕ್ಕೋ ಕೂಲಿಗೆ ಹತ್ತಿದನೆಂದು ಗೊತ್ತಾದರೆ ಅವತ್ತೇ ಅವನ ಮನೆಗೆ ಹೋಗು. ಲೀಡರನ್ನೂ ಕರೆದುಕೊಂಡು ಹೋಗು. ಗೆಳೆಯ ಬಂದು ಕರೆದರೆ ತಿರುಗಿ ಬರುವ ಹುಡುಗರು ಇದ್ದಾರೆ, ನಾನು ಕಂಡಿದ್ದೇನೆ.

ಸಭೆಯನ್ನು ಮಾತ್ರ ಯಾವ ಹಂಗಾಮಿನಲ್ಲೂ ನಿಲ್ಲಿಸಬೇಡ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಸಾಕು. ಐದೇ ಜನ ಬಂದರೂ ಧ್ವಜ ಏರಲಿ, ಪ್ರಾರ್ಥನೆ ಆಗಲಿ, ಒಂದು ಆಟ, ಒಂದು ಹೊಸ ವಿದ್ಯೆ, ಮುಂದಿನ ವಾರದ ಮಾತು. ಒಂದು ವಾರ ಬಿಟ್ಟರೆ ಮುಂದಿನ ವಾರ ಅರ್ಧ ಜನ ‘ಇವತ್ತೂ ಇರಲಿಕ್ಕಿಲ್ಲ’ ಎಂದು ಮನೆಗೆ ಹೋಗುತ್ತಾರೆ. ದೊಡ್ಡ ದಳ ಅದನ್ನು ತಡೆದುಕೊಂಡೀತು, ಸಣ್ಣ ದಳ ಎರಡು ತಿಂಗಳಲ್ಲಿ ಕರಗುತ್ತದೆ.

ದಳ ಕರಗಲು ಇನ್ನೊಂದು ದಾರಿಯಿದೆ, ಅದಕ್ಕೆ ಹುಡುಗರು ಕಾರಣರಲ್ಲ. ಆಗಸ್ಟ್ 15, ಜನವರಿ 26, ಯಾರೋ ಗಣ್ಯರ ಸ್ವಾಗತ, ಯಾವುದೋ ಕಟ್ಟಡದ ಉದ್ಘಾಟನೆ ಎಂದರೆ ‘ಸ್ಕೌಟ್ ಹುಡುಗರನ್ನು ನಿಲ್ಲಿಸ್ರಿ’ ಎಂಬ ಮಾತು ಬರುತ್ತದೆ. ಬಿಸಿಲಲ್ಲಿ ಎರಡು ತಾಸು ಸಾಲು ನಿಂತು, ಹಾರ-ತುರಾಯಿ ಹಿಡಿದು, ಒಂದು ಬಿಸ್ಕತ್ತಿನ ಪುಡಿಕೆ ತಿಂದು ಮನೆಗೆ ಹೋದ ಹುಡುಗನಿಗೆ ಸ್ಕೌಟ್ ಎಂದರೆ ಅಷ್ಟೇ ಎನಿಸಿಬಿಡುತ್ತದೆ. ರಾಷ್ಟ್ರೀಯ ಹಬ್ಬಗಳಲ್ಲಿ ಧ್ವಜದ ಮುಂದೆ ನಿಲ್ಲುವುದು ಹೆಮ್ಮೆಯ ಕೆಲಸ, ಅದನ್ನು ಚೆನ್ನಾಗಿಯೇ ಮಾಡಿಸು. ಉಳಿದ ಸ್ವಾಗತಗಳಿಗೆ ವಿನಯದಿಂದ ‘ಆಗುವುದಿಲ್ಲ’ ಎನ್ನುವುದನ್ನು ಕಲಿ. ಹೊಸಬನಾದ ನಿನಗೆ ಅದು ಕಷ್ಟ, ಬಲ್ಲೆ. ಅದರ ಬದಲಿಗೆ ಏನು ಮಾಡುತ್ತೀರಿ ಎಂದು ಮೊದಲೇ ಹೆಡ್‌ಮಾಸ್ತರರಿಗೆ ಬರೆದು ಕೊಡು: ಮಹಾಲಿಂಗೇಶ್ವರ ಜಾತ್ರೆಯಲ್ಲಿ ನೀರು ಕೊಡುವುದು, ತಪ್ಪಿಸಿಕೊಂಡ ಮಕ್ಕಳನ್ನು ತಾಯಿ-ತಂದೆಗೆ ಮುಟ್ಟಿಸುವುದು, ಶಾಲೆಯ ಗಿಡಗಳನ್ನು ಬೇಸಿಗೆಯಲ್ಲಿ ಉಳಿಸುವುದು. ಕೈಯಲ್ಲಿ ಕೆಲಸ ಇರುವ ದಳವನ್ನು ಅಲಂಕಾರಕ್ಕೆ ಕರೆಯಲು ಕೇಳುವವರೂ ಹಿಂಜರಿಯುತ್ತಾರೆ.

ಅದೇ ಹದಿನಾಲ್ಕು ಹುಡುಗರನ್ನು ಸೇವಾದಳದವರೂ ಕರೆಯುತ್ತಾರೆ, ಕ್ರೀಡಾಕೂಟದವರೂ ಕರೆಯುತ್ತಾರೆ. ಜಗಳಕ್ಕೆ ನಿಲ್ಲಬೇಡ. ಧಾರವಾಡದಲ್ಲಿ ಹುಟ್ಟಿದ ನಾ.ಸು. ಹರ್ಡೀಕರರು 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡು ಬಂದು, ಅದೇ ವರ್ಷ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಹುಬ್ಬಳ್ಳಿಯ ಸ್ವಯಂಸೇವಕರು ಅದರ ಬೆನ್ನೆಲುಬಾಗಿದ್ದರು. ನಮ್ಮ ಕಡೆಯ ಶಾಲೆಗಳಲ್ಲಿ ಸೇವಾದಳದ ಬೇರು ಅಷ್ಟು ಆಳಕ್ಕಿದೆ. ಆ ಮಾಸ್ತರರ ಜೊತೆ ಕೂತು ವಾರದ ದಿನಗಳನ್ನು ಹಂಚಿಕೋ, ಶಿಬಿರದ ಪಾತ್ರೆ-ಡೇರೆಗಳನ್ನೂ ಹಂಚಿಕೋ.

ಪೆಟ್ರೋಲ್ ಮಾಡುವಾಗ ಒಂದು ಎಚ್ಚರ. ಒಂದೇ ಓಣಿಯ, ಒಂದೇ ಜಾತಿಯ ಹುಡುಗರೆಲ್ಲ ಒಂದೇ ಕಡೆ ಸೇರದ ಹಾಗೆ ಮೆಲ್ಲಗೆ ನೋಡಿಕೋ. ಬ್ರೌನ್‌ಸೀಯಲ್ಲಿ ಬೇಡನ್ ಪೊವೆಲ್ ದೊಡ್ಡ ದೊಡ್ಡ ಶಾಲೆಗಳ ಸಿರಿವಂತ ಹುಡುಗರನ್ನೂ ದುಡಿಯುವ ಮನೆಗಳ ಹುಡುಗರನ್ನೂ ಬೆರೆಸಿಯೇ ಗುಂಪು ಮಾಡಿದ್ದ. ನಮ್ಮ ದೇಶದಲ್ಲಿ ಆ ಬೆರಕೆ ಸುಲಭವಾಗಿ ಬರಲಿಲ್ಲ. 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಸ್ಕೌಟಿಂಗ್ ಶುರುವಾದಾಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮವರಿಗೆ ಬಾಗಿಲು ಮುಚ್ಚಿತ್ತು. 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಹುಡುಗರಿಗಾಗಿ ಬೇರೆ ಸಂಘವನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು, ಮರುವರ್ಷ ಆಗಸ್ಟ್ 15ಕ್ಕೆ ಗೈಡ್ಸ್ ಸಂಘವೂ ಅದರೊಳಗೆ ಬಂತು. ಅಷ್ಟು ದೂರ ನಡೆದು ಬಂದ ಸಂಸ್ಥೆಯ ಒಂದು ಪೆಟ್ರೋಲ್‌ನಲ್ಲಿ, ನಿನ್ನ ಕಣ್ಣೆದುರು, ಯಾರಾದರೂ ಒಬ್ಬ ಹುಡುಗ ಬೇರೆ ತಾಟು ಹಿಡಿದು ದೂರ ಕೂರುವಂತಾದರೆ ಅವತ್ತಿನ ಬೇರೆ ಕಾರ್ಯಕ್ರಮ ಎಷ್ಟೇ ಚೆನ್ನಾಗಿ ನಡೆದಿದ್ದರೂ ಅದು ಕೆಟ್ಟ ಶಿಬಿರ. ಇದಕ್ಕೆ ಭಾಷಣ ಬೇಡ, ಅಡುಗೆ ಸಾಕು. ಕಟಕ ರೊಟ್ಟಿ, ಶೇಂಗಾ ಹಿಂಡಿ ಎಲ್ಲರ ಮನೆಯಿಂದ ಬರಲಿ, ಒಂದೇ ಬಟ್ಟೆಯ ಮೇಲೆ ಸುರಿಯಲಿ. ಜುಣಕ ಮಾತ್ರ ಅಲ್ಲೇ ಮಾಡಲಿ: ಒಬ್ಬ ಉಳ್ಳಾಗಡ್ಡಿ ಹೆಚ್ಚಲಿ, ಒಬ್ಬ ಕಡಲೆ ಹಿಟ್ಟು ಕಲಸಲಿ, ಒಬ್ಬ ಗಂಟಾಗದ ಹಾಗೆ ತಿರುವಲಿ. ನೀನೂ ಅವರ ನಡುವೆ ಕೂತು ಉಣ್ಣು. ಮಾಸ್ತರನಿಗೆ ಬೇರೆ ಊಟ ಎಂದು ಯಾರಾದರೂ ತಂದುಕೊಟ್ಟರೆ ಅದನ್ನೂ ಆ ಬಟ್ಟೆಯ ಮೇಲೇ ಇಡು.

ಈಗ ಹೇಳುವುದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸಿಕೋ. ನಮ್ಮ ಸುತ್ತ ನೀರಿದೆ. ಘಟಪ್ರಭೆ ಇದೆ, ಕಾಲುವೆಗಳಿವೆ, ಹೊಲಹೊಲಕ್ಕೆ ಬಾವಿ, ಕೃಷಿ ಹೊಂಡಗಳಿವೆ. ಢವಳೇಶ್ವರದ ಕಡೆಯೋ ನಂದಗಾಂವದ ಕಡೆಯೋ ಹೈಕ್ ಹೋದಾಗ ‘ಸರ್‍ರ, ನನಗ ಈಜು ಬರ್‍ತೈತ್ರಿ’ ಎನ್ನುವವನು ಒಬ್ಬನಾದರೂ ಇದ್ದೇ ಇರುತ್ತಾನೆ. ಯಾರನ್ನೂ ನೀರಿಗೆ ಇಳಿಸಬೇಡ. ಕಾಲುವೆಯ ಸಿಮೆಂಟಿನ ಇಳಿಜಾರು ಪಾಚಿಗಟ್ಟಿರುತ್ತದೆ, ಒಳಗಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಬಿದ್ದವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕೈಕಾಲು ತೊಳೆಯುವುದಿದ್ದರೂ ಬಕೆಟ್ಟಿನಲ್ಲಿ ಸೇದಿ ತಂದು ತೊಳೆಯಲಿ. ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು, ಹಾಡಿನ ಅಬ್ಬರದಲ್ಲಿ ಹಿಂದಿನ ಹಾರ್ನ್ ಕೇಳಿಸದೆ ಹೋಗುತ್ತವೆ. ಆ ತಿಂಗಳುಗಳಲ್ಲಿ ಡಾಂಬರು ರಸ್ತೆಯ ಹೈಕ್ ಬೇಡ, ಹೊಲದ ದಾರಿ ಹಿಡಿ, ಕತ್ತಲಾಗುವ ಮೊದಲು ಊರು ಸೇರು. ಕಬ್ಬಿನ ರವದಿ ಹರಡಿದ ಹೊಲದ ಹತ್ತಿರ ಶಿಬಿರಾಗ್ನಿ ಹಚ್ಚಲೇಬೇಡ. ಒಂದು ಕಿಡಿ ಹಾರಿದರೆ ಇನ್ನೊಬ್ಬರ ವರ್ಷದ ದುಡಿಮೆ ಬೂದಿ. ಎರೆ ಹೊಲದ ಬಿರುಕುಗಳಲ್ಲಿ ಚೇಳು, ಹಾವು ಇರುತ್ತವೆ. ಬೂಟು ಜಾಡಿಸದೆ ಹಾಕಿಕೊಳ್ಳಬಾರದು ಎಂಬುದು ಅವರಿಗೆ ರೂಢಿಯಾಗಲಿ. ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಕೂಡದು. ಕಚ್ಚಿದ ಕೈಕಾಲು ಅಲುಗದಂತೆ ಸ್ಕಾರ್ಫಿನಿಂದ ಆಸರೆ ಕೊಟ್ಟು, 108ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆ. ಮಂತ್ರ ಹಾಕಿಸುವ ಮಾತನ್ನು ಯಾರೇ ಎತ್ತಿದರೂ ಕೇಳಬೇಡ.

ಶಿಬಿರಕ್ಕೆ ಮೊದಲು ಪ್ರತಿ ಮನೆಯಿಂದ ಒಪ್ಪಿಗೆಯ ಸಹಿ ತರಿಸು. ಸಹಿಗಿಂತ ಮೊದಲು ಮನೆಗೇ ಹೋಗಿ ಬಾ. ತಾಯಂದಿರು ನಿನ್ನ ಮುಖ ನೋಡಿದ ಮೇಲೇ ಧೈರ್ಯದಿಂದ ಕಳಿಸುತ್ತಾರೆ. ಒಬ್ಬನೇ ಹೊರಡಬೇಡ, ಇನ್ನೊಬ್ಬ ಹಿರಿಯ ಜೊತೆಗಿರಲೇಬೇಕು. ಹುಡುಗರ ಡೇರೆಯಲ್ಲಿ ನೀನು ಮಲಗಬೇಡ, ಯಾವ ಹುಡುಗನ ಜೊತೆಯೂ ಒಬ್ಬೊಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬೇಡ. ಇದು ನಿನ್ನ ಮೇಲಿನ ಸಂಶಯದಿಂದ ಹೇಳುವ ಮಾತಲ್ಲ. ಮಕ್ಕಳನ್ನು ನಮ್ಮ ಕೈಗೆ ಕೊಟ್ಟ ತಂದೆ-ತಾಯಿಗೆ ಕೇಳದೆಯೇ ಸಿಗಬೇಕಾದ ಭರವಸೆ ಇದು. ಹೊಡೆಯುವುದಂತೂ ಸಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ, ಕಾಯ್ದೆ ಇಲ್ಲದಿದ್ದರೂ ಪ್ರತಿಜ್ಞೆ ಬೋಧಿಸಿದ ಕೈ ಹುಡುಗನ ಕೆನ್ನೆಗೆ ಹೋಗಬಾರದು.

2019ರ ಆಗಸ್ಟ್ ಇಲ್ಲಿ ಯಾರೂ ಮರೆಯುವಂತಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿ ಬಾಗಲಕೋಟೆ ಜಿಲ್ಲೆಯ ಹಳ್ಳಿಹಳ್ಳಿಗಳು ನೀರಲ್ಲಿ ನಿಂತವು. ಜಮಖಂಡಿ, ಮುಧೋಳ ಭಾಗದಲ್ಲಿ ಜನ ದನಕರು ಹೊಡೆದುಕೊಂಡು ಮನೆ ಬಿಟ್ಟು ಬಂದರು. ಅಂಥ ಹೊತ್ತಿನಲ್ಲಿ ಸ್ಕೌಟ್ ಹುಡುಗರಿಗೆ ಕೈ ತುರಿಸುತ್ತದೆ, ಪ್ರವಾಹದ ಹತ್ತಿರ ಓಡಬೇಕೆನಿಸುತ್ತದೆ. ಹೊಳೆಯ ದಂಡೆ ಅವರ ಜಾಗವಲ್ಲ, ಅದಕ್ಕೆ ತರಬೇತಾದ ದೊಡ್ಡವರಿದ್ದಾರೆ. ಪರಿಹಾರ ಕೇಂದ್ರದಲ್ಲಿ ಅವರಿಗೆ ಬೇಕಾದಷ್ಟು ಕೆಲಸವಿದೆ. ಬಂದವರ ಹೆಸರು ಬರೆದುಕೊಳ್ಳುವುದು, ಊಟದ ಸಾಲು ನೋಡಿಕೊಳ್ಳುವುದು, ಮುದುಕರಿಗೆ ನೀರು ಕೊಡುವುದು, ಅಳುವ ಸಣ್ಣ ಮಕ್ಕಳನ್ನು ಕೂರಿಸಿ ಆಟ ಆಡಿಸುವುದು. ನಾಲ್ಕು ಹಳೆಯ ಆಟ ಗೊತ್ತಿರುವ ಹದಿಮೂರು ವರ್ಷದ ಹುಡುಗ ಅಂಥ ಕೇಂದ್ರದಲ್ಲಿ ಮಾಡುವ ಉಪಕಾರವನ್ನು ಯಾವ ಅಧಿಕಾರಿಯೂ ಮಾಡಲಾರ.

ದುಡ್ಡಿನ ಮಾತು ಚಿಕ್ಕದು. ಸಮವಸ್ತ್ರ ಹೊಲಿಸಲಾಗದವನನ್ನು ಹೊರಗೆ ನಿಲ್ಲಿಸಬೇಡ. ಸ್ಕಾರ್ಫ್ ಕಟ್ಟಿಸು, ಉಳಿದದ್ದು ಬಂದಾಗ ಬರಲಿ. ಎಸೆಸೆಲ್ಸಿ ಮುಗಿಸಿ ಹೋಗುವವರಿಂದ ಹಳೆಯ ಸಮವಸ್ತ್ರ ಕೇಳಿ ಪಡೆ. ಖರಿ ಕಮಾಯಿ ಮಾಡಿಸು, ಆದರೆ ಅದು ನಿಜವಾಗಿ ಹುಡುಗರ ಕೈದುಡಿಮೆಯದಾಗಿರಲಿ, ಮನೆಯವರಿಂದ ಕೇಳಿ ತಂದದ್ದಲ್ಲ. ಲೆಕ್ಕ ಗೋಡೆಯ ಮೇಲೆ ಅಂಟಿಸಿರಲಿ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಂಥದ್ದು ಮತ್ತೆ ಬಂದರೆ ಯಾರು ಹೋಗಬೇಕೆಂದು ಕೋರ್ಟ್ ಆಫ್ ಆನರ್ ಹೇಳಲಿ. ದುಡ್ಡು ಕೊಡಬಲ್ಲವನೇ ಪ್ರತಿ ಸಲ ಹೋಗುತ್ತಾನೆಂದು ಕಂಡ ದಿನವೇ ಉಳಿದವರ ಮನಸ್ಸು ದಳದಿಂದ ಹೊರಗೆ ಹೋಗಿರುತ್ತದೆ.

ಹೆಣ್ಣುಮಕ್ಕಳು ಕಿಟಕಿಯಿಂದ ನೋಡುತ್ತಿರುತ್ತಾರೆ, ತಮ್ಮಾ. ಅವರಿಗೂ ಒಂದು ದಳ ಆಗುವಂತೆ ನಿಮ್ಮ ಶಾಲೆಯ ಅಕ್ಕೋರಲ್ಲಿ ಒಬ್ಬರನ್ನು ಗೈಡ್ ಕ್ಯಾಪ್ಟನ್ ತರಬೇತಿಗೆ ಹೋಗಲು ಒಪ್ಪಿಸು, ಅವರ ಪಿರಿಯಡ್‌ಗಳನ್ನು ಆ ವಾರ ನೀನು ತೆಗೆದುಕೋ.

ಕೊನೆಗೆ ಬರುವುದು ಬಿಟ್ಟುಹೋಗುವವರ ಪ್ರಶ್ನೆ. ಏಳನೆಯದಕ್ಕೋ ಎಂಟನೆಯದಕ್ಕೋ ಶಾಲೆ ಬದಲಾಗುತ್ತದೆ, ಹತ್ತನೆಯದು ಬಂತೆಂದರೆ ಟ್ಯೂಷನ್. ಪ್ರವೇಶದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರದ ಹತ್ತಿರ ಬರುವ ಹೊತ್ತಿಗೆ ಹುಡುಗ ನಿನ್ನ ಕೈ ದಾಟಿರುತ್ತಾನೆ. ಅದಕ್ಕೆ ಆರನೆಯ ವರ್ಗದಿಂದಲೇ ಸೇರಿಸಿಕೋ. ಪ್ರತಿ ಲೀಡರಿನ ಕೈಕೆಳಗೆ ಮುಂದಿನ ವರ್ಷ ಲೀಡರ್ ಆಗುವವನು ಈ ವರ್ಷವೇ ತಯಾರಾಗಲಿ. ಹೋಗುವ ಹುಡುಗನ ದಾಖಲೆಗಳನ್ನು ಅವನ ಕೈಗೆ ಸರಿಯಾಗಿ ಕೊಟ್ಟು ಕಳಿಸು, ಹೊಸ ಶಾಲೆಯಲ್ಲಿ ದಳವಿದ್ದರೆ ಅಲ್ಲಿನ ಮಾಸ್ತರಿಗೆ ಒಂದು ಮಾತು ಹೇಳು. ನಿನಗೂ ಒಂದು ದಿನ ವರ್ಗಾವಣೆ ಆಗುತ್ತದೆ. ಎಷ್ಟೋ ಊರುಗಳಲ್ಲಿ ಮಾಸ್ತರ ಹೋದ ವಾರವೇ ದಳದ ಕಪಾಟಿಗೆ ಬೀಗ ಬಿದ್ದಿದೆ. ಅದನ್ನು ತಪ್ಪಿಸಲು ಈಗಲೇ ಊರಿನ ಒಬ್ಬಿಬ್ಬರು ಹಳೆಯ ಸ್ಕೌಟುಗಳನ್ನು ಜೊತೆಗೆ ಎಳೆದುಕೋ, ವಹಿ-ಪತ್ರಗಳು ಎಲ್ಲಿವೆ ಎಂದು ಅವರಿಗೂ ತಿಳಿದಿರಲಿ.

ಈ ಮಾತು ಆ ಹಳೆಯ ಸ್ಕೌಟುಗಳಿಗೂ ಸೇರಲಿ. ಮಹಾಲಿಂಗಪುರ, ರಬಕವಿ-ಬನಹಟ್ಟಿ, ತೇರದಾಳ, ಮುಧೋಳ, ಜಮಖಂಡಿಯಲ್ಲಿ ಈಗ ಅಂಗಡಿ ನಡೆಸುವವರು, ಪಾವರ್‌ಲೂಮ್ ಇಟ್ಟವರು, ಹೊಲ ಮಾಡುವವರು, ಬ್ಯಾಂಕಿನಲ್ಲಿ ಕೂತವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಮೂರು ಬೆರಳೆತ್ತಿ ಪ್ರತಿಜ್ಞೆ ಮಾಡಿದವರು. ನಿಮ್ಮ ಮನೆಗೆ ಹತ್ತಿರದ ಶಾಲೆಯಲ್ಲಿ ದಳವಿದೆಯೇ ಎಂದು ವಿಚಾರಿಸಿ. ಇದ್ದರೆ ಬರುವ ಶನಿವಾರ ಮಧ್ಯಾಹ್ನ ಒಂದು ತಾಸು ಹೋಗಿ ಆ ಎಳೆಯ ಮಾಸ್ತರನ ಪಕ್ಕದಲ್ಲಿ ನಿಲ್ಲಿ. ಶಿಬಿರಕ್ಕೆ ಬೇಕಾದ ಎರಡನೆಯ ಹಿರಿಯ ನೀವೇ ಆಗಿ.